ಬೋದ್ರುಮ್ ಫೋಟೋಗಳಲ್ಲಿ ಇಲ್ಲದವಳು

"ಕೊಡೋದಾದ್ರೆ ಕೊಡು ಕಣಯ್ಯಾ, ಇಲ್ಲಾಂದ್ರೆ ಬಿಡು."

ಟರ್ಕಿಯ ಬೋದ್ರುಮ್ ಕಡಲತೀರದಲ್ಲಿ ಐಸ್‌ಕ್ರೀಮ್ ಮಾರುವವನು ಕೋನ್ ಕೊಟ್ಟಂತೆ ಮಾಡಿ ಮೂರನೇ ಸಲ ಕಿತ್ತುಕೊಂಡಾಗ, ಫಿರೋಜಾ ಅಪ್ಪಟ ಮೈಸೂರು ಕನ್ನಡದಲ್ಲೇ ಗದರಿದಳು.

"ಅವನಿಗೆ ಕನ್ನಡ ಬರಲ್ಲ ರೀ," ಎಂದಿತು ಹಿಂದಿನಿಂದ ಒಂದು ದನಿ.

ತಿರುಗಿದಳು. ನಗುತ್ತಿದ್ದ ಆ ಕಣ್ಣುಗಳನ್ನು ಕಂಡದ್ದೇ ತಡ, ಹುಡುಗಿಯ ಎದೆ ಝಲ್ಲೆಂದಿತು!

ಅವನು ರಯ್ಯಾನ್. ಬೆಂಗಳೂರಿನವನು, ಸ್ಯಾನ್ ಡಿಯಾಗೋದ ಸೊರೆಂಟೊ ವ್ಯಾಲಿಯಲ್ಲಿ ಚಿಪ್ ಇಂಜಿನಿಯರ್. ಇವಳೋ, ಲಾಸ್ ಏಂಜಲೀಸ್ ಪಕ್ಕದ ವೆಸ್ಟ್ ಕೊವಿನಾದಲ್ಲಿ ಚಿಕ್ಕಪ್ಪ ಸಿಕಂದರ್ ಚಾಚಾನ ಮನೆಯಲ್ಲಿದ್ದು ಹೊರಗೆ ಕೆಲಸಕ್ಕೆ ಹೋಗುವವಳು. ೨೦೦೬ರ ಆ ಬೇಸಿಗೆಯಲ್ಲಿ ಚಾಚಾ, ಚಾಚಿ, ಅವರ ಮಗಳು ತೂಬಾಳ ಜೊತೆ ರಜೆಗೆ ಬಂದಿದ್ದಳು.

ಐದು ದಿನ ಎಲ್ಲರೂ ಒಟ್ಟಿಗೆ ಸುತ್ತಿದರು. ದೋಣಿ, ಬಜಾರು, ಈಜು, ಹರಟೆ... ಕ್ಯಾಮೆರಾ ಮಾತ್ರ ಸದಾ ಫಿರೋಜಾಳ ಕೈಯಲ್ಲಿ. ಅಮೆರಿಕಕ್ಕೆ ಮರಳಿ ನೂರಾ ನಲವತ್ತು ಫೋಟೋಗಳ ಸಿಡಿ ಮಾಡಿ ರಯ್ಯಾನ್‌ಗೆ ಕಳಿಸಿದಳು. ಮೂರೇ ವಾರಕ್ಕೆ ಫೋನ್ ಬಂತು. ಅವನ ತಾಯಿ ಮರಿಯಮ್ ಬೆಂಗಳೂರಿನಿಂದ ಬಂದಿದ್ದಾರೆ, ಮಗನಿಗೆ ತೂಬಾಳನ್ನು ಕೇಳುತ್ತಿದ್ದಾರೆ!

ಫಿರೋಜಾಳ ಹೊಟ್ಟೆಗೆ ಬೆಂಕಿ ಬಿತ್ತು.

'ನನ್ನ ಹತ್ತಿರ ಅಷ್ಟು ಹೊತ್ತು ಮಾತಾಡಿದ್ದು ಸುಮ್ಮನೆ ಟೈಮ್‌ಪಾಸ್‌ಗಾ? ಅವಳು ಬೆಳ್ಳಗಿದ್ದಾಳೆ, ಇಲ್ಲೇ ಹುಟ್ಟಿದವಳು... ಸರಿ, ನನ್ನಲ್ಲಿ ಏನಿದೆ?'

"ಅಕ್ಕಾ, ನಿಂಗೂ ಅವನು ಇಷ್ಟಾನಾ? ನಿಜ ಹೇಳು," ಎಂದು ತೂಬಾ ಎರಡು ಸಲ ಕೇಳಿದಳು.

"ಇಲ್ಲಪ್ಪ," ಎಂದಳು ಫಿರೋಜಾ, ಎರಡು ಸಲವೂ. ಅನ್ನ ಹಾಕಿದ ಮನೆಯ ಮಗಳಿಗೆ ಅಡ್ಡ ಬರುವುದುಂಟೇ! ಆದರೆ ತೂಬಾ ಕನ್ನಡಿ ಮುಂದೆ ನಿಂತರೂ ಸಾಕು, ಇವಳ ಮೈಯೆಲ್ಲ ಉರಿಯುತ್ತಿತ್ತು.

ಭಾನುವಾರ ಮಧ್ಯಾಹ್ನ ಮರಿಯಮ್ ಲಾಸ್ ಏಂಜಲೀಸ್‌ನಲ್ಲೇ ಇದ್ದ ತಮ್ಮನ ಕಾರಿನಲ್ಲಿ ಬಂದಿಳಿದರು. ರಯ್ಯಾನ್ ಸ್ಯಾನ್ ಡಿಯಾಗೋದಿಂದ ನೇರ ಬರುತ್ತಿದ್ದಾನೆ, ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದಾನೆ.

"ಹಿರಿಯರ ಮುಂದೆ ಹುಡುಗಿ ಹೆಸರೆತ್ತೋ ಪದ್ಧತಿ ನಮ್ಮಲ್ಲಿಲ್ಲ ನೋಡಿ," ಎಂದರು ಮರಿಯಮ್. "ಸಿಡಿ ಕೈಗಿಟ್ಟು, 'ಇದರಲ್ಲಿದ್ದಾಳೆ, ಸಿಕಂದರ್ ಸಾಬ್ ಮನೆ ಹುಡುಗಿ' ಅಂದ, ಅಷ್ಟೇ. ಎಲ್ಲದರಲ್ಲೂ ಹುಡುಗಿ ಅಂತ ಈ ಒಬ್ಬಳೇ ಇದ್ದಳು. ಉಂಗುರ ನಾನೇ ಹಾಕೋದಲ್ವಾ, ಅವನು ಬರೋತನಕ ಯಾಕೆ ಕಾಯೋದು?"

"ಫಿರೋಜಾ, ಕ್ಯಾಮೆರಾ ತಗೊಳ್ಳಮ್ಮಾ," ಎಂದರು ಚಾಚಿ.

ಮರಿಯಮ್ ತೂಬಾಳ ಬೆರಳು ಹಿಡಿದರು. ಫಿರೋಜಾ ಕ್ಯಾಮೆರಾ ಎತ್ತಿದಳು... ಮೆಲ್ಲಗೆ ಅದನ್ನು ಮೇಜಿನ ಮೇಲಿಟ್ಟಳು.

"ನಾನು ತೆಗೆಯಲ್ಲ ಚಾಚಿ."

"ಯಾಕಮ್ಮಾ?"

"ನಂಗೆ ನೋಡೋಕಾಗ್ತಿಲ್ಲ. ರಯ್ಯಾನ್ ನಂಗೆ ಬೇಕು."

ಚಾಚಾ ಎದ್ದು ನಿಂತರು. ಚಾಚಿಯ ಮುಖ ಬಿಳಿಚಿಕೊಂಡಿತು. ತೂಬಾ ಮಾತ್ರ ನಿಧಾನವಾಗಿ ಬೆರಳು ಹಿಂದಕ್ಕೆಳೆದುಕೊಂಡಳು.

"ಎರಡು ಸಲ ಕೇಳಿದ್ನಲ್ಲ ಅಕ್ಕಾ," ಎಂದಳು. ಕಣ್ಣಲ್ಲಿ ನೀರಿತ್ತು, ಸಿಟ್ಟೂ ಇತ್ತು. "ಅವತ್ತೇ ಹೇಳಿದ್ರೆ ನಾನು ಹೀಗೆ ಇಲ್ಲಿ ಕೂರ್ತಿರ್ಲಿಲ್ಲ."

"ತಪ್ಪಾಯ್ತು ಕಣೇ..."

"ತಪ್ಪು ನಂದು."

ಬಾಗಿಲಲ್ಲಿ ಕಾರಿನ ಕೀ ಹಿಡಿದು ರಯ್ಯಾನ್ ನಿಂತಿದ್ದ. ಅವನು ಮೊದಲು ಹೋದದ್ದು ತೂಬಾಳ ಬಳಿಗೆ. "ಕ್ಷಮಿಸು. ಹೆಸರು ಹೇಳೋಕೆ ನಾಚಿಕೊಂಡು ಕೆಲಸ ಕೆಡಿಸಿದೆ." ಆಮೇಲೆ ತಾಯಿಯ ಕಡೆ ತಿರುಗಿದ. "ಅಮ್ಮಿ, ನಾನು ಹೇಳಿದ್ದು ಫಿರೋಜಾನ."

"ಅವಳು ಒಂದು ಫೋಟೋದಲ್ಲೂ ಇಲ್ವಲ್ಲೋ!"

ರಯ್ಯಾನ್ ಕಕ್ಕಾಬಿಕ್ಕಿಯಾದ. ಫಿರೋಜಾಳ ಮುಖವನ್ನೇ ನೋಡುತ್ತ ನಿಂತ.

"ಇಲ್ವಾ? ದಿನಾ ಅವನ್ನೇ ನೋಡ್ತಿದ್ದೆ. ಪ್ರತಿ ಫೋಟೋದಲ್ಲೂ ಕ್ಯಾಮೆರಾ ಹಿಡಿದು ನನ್ನೆದುರಿಗೆ ನೀನೇ ನಿಂತಿರ್ತಿದ್ದೆ. ನೀನಿಲ್ಲ ಅಂತ ನಂಗೆ ಗೊತ್ತೇ ಆಗ್ಲಿಲ್ಲ."

ಫಿರೋಜಾ ತಡೆದಿಟ್ಟಿದ್ದ ಅಳು ಒಮ್ಮೆಲೇ ಉಕ್ಕಿತು.

"ಫೋನ್ ಬಂದಾಗಿಂದ ಹೊಟ್ಟೆಕಿಚ್ಚಲ್ಲಿ ಸತ್ತೆ, ಗೊತ್ತಾ?"

"ಇನ್ನೂ ಇದೆಯಾ?"

"ಇದೆ. ಆ ಫೋಟೋಗಳಲ್ಲಿ ನಕ್ಕ ಹಾಗೆ ಇನ್ನೊಬ್ಬರ ಪಕ್ಕ ನಗಬೇಡ."

"ಆಯ್ತು," ಎಂದ ರಯ್ಯಾನ್. "ಹೇಳ್ಕೊಡು, ಹೇಗೆ ನಗಲಿ?"