ನಡುಮನೆಯ ಫೋನ್ ಕೇಳಿದ ಪ್ರಶ್ನೆ

ಒಗೆದ ಹೊದಿಕೆಗಳನ್ನು ತಾರಸಿಯಲ್ಲಿ ಹರವಿ ಕೆಳಗಿಳಿದ ನರ್ಸ್ ಒಳಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು. ದೀಪ ಆರಿತ್ತು. ಫ್ಯಾನ್ ನಿಂತಿತ್ತು. ಆಮ್ಲಜನಕದ ಯಂತ್ರವೂ ನಿಂತಿತ್ತು. ಮಂಚದ ಮೇಲೆ ಟೇಲರ್ ಮಾಸ್ತರರ ಉಸಿರೂ.

ಅರ್ಧ ಗಂಟೆಯಲ್ಲಿ ಇನ್ಸ್‌ಪೆಕ್ಟರ್ ಬಂದಳು. ಆ ಮನೆಯಲ್ಲಿ ಸ್ವಿಚ್ಚು ಮುಟ್ಟುವವರೇ ಇರಲಿಲ್ಲ. ನಡುಮನೆಯ ಗೂಡಿನಲ್ಲಿಟ್ಟ, ಪರದೆ ಒಡೆದ ಹಳೆಯ ಫೋನಿಗೆ ಬಾಯಲ್ಲಿ ಹೇಳಿದರೆ ಸಾಕು. ತಾನು ಏನಾದರೂ ಕೇಳಬೇಕಿದ್ದರೆ ಅದು ಹಸಿರು ದೀಪ ಮಿಟುಕಿಸಿ ಮೆಲ್ಲಗೆ ಕೇಳುತ್ತಿತ್ತು.

ಮಾಸ್ತರರ ಮಗ ತನ್ನ ಫೋನಿನಲ್ಲಿ ಅದರ ದಾಖಲೆ ತೆರೆದು ತೋರಿಸಿದ. ದನಿ ಉಳಿದಿರಲಿಲ್ಲ, ಮಾತಷ್ಟೇ ಇತ್ತು. ಹತ್ತು ನಲವತ್ತಕ್ಕೆ ಯಾರೋ ಹೇಳಿದ್ದರು: "ಒಳಕೋಣೇಲಿ ಎಲ್ಲಾ ಆಫ್ ಮಾಡು."

ಫೋನ್ ಕೇಳಿತ್ತು: "ಉಸಿರಾಟದ ಯಂತ್ರವೂ ನಿಲ್ಲುತ್ತದೆ. ನಿಲ್ಲಿಸಲೇ?"

"ಹೌದು."

ಕೈತಪ್ಪಲ್ಲ, ಕೊಲೆ ಎಂದುಬಿಟ್ಟಳು ಇನ್ಸ್‌ಪೆಕ್ಟರ್. ಆ ಮಾತಿಗೆ ಆಮೇಲೆ ಬಹಳ ದಿನ ಮರುಗಿದಳು.

* * *

ಮಗ ಒಂಬತ್ತರಿಂದ ಅಂಗಡಿಯಲ್ಲಿದ್ದ. ಅವನ ಬೆರಳು ನೇರ ನರ್ಸಿನತ್ತ ಹೋಯಿತು. ಮುಂದಿನ ವಾರದಿಂದ ಬರಬೇಡ ಎಂದು ನಿನ್ನೆಯಷ್ಟೇ ಅವಳಿಗೆ ಹೇಳಿದ್ದನಂತೆ.

"ಕರೆಂಟ್ ಹೋದ್ರೆ ಆ ಯಂತ್ರ ಐದು ನಿಮಿಷ ಕಿರುಚುತ್ತೆ ಮೇಡಂ. ದೊಡ್ಡಪ್ಪ ಇಲ್ಲೇ ನಡುಮನೇಲಿ ಕೂತಿದ್ರು, ಅವರಿಗೆ ಏನೂ ಕೇಳಿಸಿಲ್ಲ. ಅದರ ಬಾಯಿ ಕಟ್ಟೋದು ಗೊತ್ತಿರೋದು ಇವಳೊಬ್ಬಳಿಗೇ."

ನರ್ಸ್ ವಾದಿಸಲಿಲ್ಲ. ಮೂರು ಮಹಡಿ ಮೇಲೆ ತಾರಸಿಯಲ್ಲಿದ್ದೆ ಎಂದಳು. ಸಾಕ್ಷಿಗೆ ಒದ್ದೆ ಹೊದಿಕೆಗಳಷ್ಟೇ ಇದ್ದವು. "ನನ್ನನ್ನ ಸ್ಟೇಷನ್ನಿಗೆ ಕರ್ಕೊಂಡು ಹೋದ್ರೆ, ಸ್ಕೂಲಿಂದ ಮಗಳನ್ನ ಯಾರು ಕರ್ಕೊಂಡು ಬರ್ತಾರೆ?"

ದೊಡ್ಡಪ್ಪ ಎಂದರೆ ಮಾಸ್ತರರ ಅಣ್ಣ. ಮೂವತ್ತು ವರ್ಷ ಗಿರಣಿಯ ಮಗ್ಗಗಳ ನಡುವೆ ದುಡಿದವರು. ಬೆಳಗಿನ ಹೊತ್ತು ತಮ್ಮನ ಕಾವಲು ಅವರದೇ. ಎದುರು ನಿಂತು ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರಿಸಿದರು. ಯಾರೂ ಬರಲಿಲ್ಲ. ಯಾವ ಸದ್ದೂ ಇಲ್ಲ.

* * *

ಇನ್ಸ್‌ಪೆಕ್ಟರ್ ಯಂತ್ರವನ್ನು ಚಾಲೂ ಮಾಡಿ, ಪ್ಲಗ್ ಕಿತ್ತಳು. ಅದು ಕಿವಿ ಹರಿಯುವಂತೆ ಕಿರುಚಿತು. ಪಕ್ಕದ ಮನೆಯ ನಾಯಿ ಬೊಗಳಿತು. ದೊಡ್ಡಪ್ಪ ಮಾತ್ರ ತಲೆಯೆತ್ತಲಿಲ್ಲ. ತಮ್ಮನ ಕನ್ನಡಕ ಒರೆಸುತ್ತ ಕುಳಿತಿದ್ದರು.

ಆಕೆ ಅವರ ಪಕ್ಕ ಬಂದು, ಬಾಯಿಗೆ ಕರವಸ್ತ್ರ ಹಿಡಿದು ಕೇಳಿದಳು. "ನಿಮ್ಮ ತಮ್ಮಂಗೆ ವಯಸ್ಸೆಷ್ಟು?"

ಆಕೆ ಏನೋ ಕೇಳಿದಳೆಂಬುದಷ್ಟೇ ಅವರಿಗೆ ತಿಳಿಯಿತು. "ಹೌದು, ಹೌದು," ಎಂದರು.

ಮಗನ ಬೆರಳು ತಾನಾಗಿ ಕೆಳಗಿಳಿಯಿತು.

ಕರವಸ್ತ್ರ ತೆಗೆದು, ಬೆಳಿಗ್ಗೆ ತಮ್ಮ ಏನಾದರೂ ಕೇಳಿದರೇ ಎಂದು ವಿಚಾರಿಸಿದಳು.

"ಸ್ವಲ್ಪ ನಿದ್ದೆ ಮಾಡ್ತೀನಿ ಅಂದ. ದೀಪ, ಫ್ಯಾನು, ಎಲ್ಲಾ ಆರಿಸ್ದೆ."

ಅಲ್ಲಿಯವರೆಗೆ ಯಾರೂ ಅವರನ್ನು ಇದನ್ನು ಕೇಳಿರಲಿಲ್ಲ.

ಇನ್ಸ್‌ಪೆಕ್ಟರ್ ಮಗನಿಗೆ ವಿವರಿಸಿದಳು. ದೊಡ್ಡಪ್ಪನ ಕಿವಿಯನ್ನು ಗಿರಣಿ ಎಂದೋ ತಿಂದುಹಾಕಿತ್ತು. ತುಟಿ ನೋಡಿ ಮಾತು ತಿಳಿಯುತ್ತಿದ್ದರು. ತುಟಿ ಕಾಣದಿದ್ದರೆ ಎಲ್ಲದಕ್ಕೂ ಹೌದು. ಫೋನಿಗೆ ತುಟಿಯಿಲ್ಲ. ಹಸಿರು ದೀಪ ಮಿಟುಕಿತು; ಹೌದು ಎಂದರು. ಯಂತ್ರ ಕಿರುಚಿದ್ದೂ ಕೇಳಿಸಲಿಲ್ಲ.

"ನಮಗೊಂದು ಮಾತು ಹೇಳ್ಬಾರದಿತ್ತಾ?" ಎಂದ ಮಗ.

"ಹೇಳಿದ್ರೆ ತಮ್ಮನ ಕಾವಲು ಕೂರೋಕೆ ಬಿಡ್ತಿದ್ರಾ?" ಎಂದಳು ಇನ್ಸ್‌ಪೆಕ್ಟರ್.

ಮಗನಿಗೆ ನರ್ಸಿನ ಮುಖ ನೋಡುವ ಧೈರ್ಯವಾಗಲಿಲ್ಲ. ಅವಳು ಚೀಲ ಎತ್ತಿಕೊಂಡು ಸ್ಕೂಲಿನತ್ತ ನಡೆದಳು.

ಇನ್ಸ್‌ಪೆಕ್ಟರ್ ಕುರ್ಚಿಯ ಮುಂದೆ ಮಂಡಿಯೂರಿದಳು. ನಡೆದದ್ದನ್ನು ತುಟಿ ಕಾಣುವಂತೆ, ನಿಧಾನವಾಗಿ ಹೇಳಿದಳು.

ದೊಡ್ಡಪ್ಪ ಆಕೆಯ ಬಾಯಿಯನ್ನೇ ನೋಡಿದರು. ಹೌದು ಎನ್ನಲಿಲ್ಲ.

"ಕೇಳಿಸ್ಲಿಲ್ಲಮ್ಮ," ಎಂದರು. "ಇನ್ನೊಂದ್ಸಲ ಹೇಳು."