ಕೊನೆಯ ತಿರುವಿನಲ್ಲಿ ಒಂದು ಗುದ್ದು

"ಎಂತ ಮೋಸ ಮಾರಾಯಾ ಇದು!"

ಬಾಯಿಂದ ಕನ್ನಡ ಜಾರಿದ್ದಕ್ಕೆ ಜ್ಯೋತ್ಸ್ನಾಳಿಗೇ ಆಶ್ಚರ್ಯವಾಯಿತು. ವಿಂಬಲ್ಡನ್‌ನ ಪ್ಲೋ ಲೇನ್ ಕಾರ್ ರೇಸ್ ಸ್ಟೇಡಿಯಂನಲ್ಲಿ, ಇಷ್ಟೊಂದು ಬಿಳಿಯರ ನಡುವೆ, ಅದು ಯಾರಿಗೆ ಅರ್ಥವಾಗಬೇಕು?

ಟ್ರ್ಯಾಕಿನ ಕೊನೆಯ ತಿರುವಿನಲ್ಲಿ ಹಳದಿ ಕಾರೊಂದು ಬೇಲಿಗೆ ಒರಗಿ ಹೊಗೆ ಉಗುಳುತ್ತಿತ್ತು. ಅದನ್ನು ಓಡಿಸುತ್ತಿದ್ದವನು ಮಾರಿಸ್ ಪೆಟಿಫರ್, ಅರವತ್ತರ ಹತ್ತಿರದವನು. ಶುರುವಿನಿಂದಲೂ ಮುಂದೆ ಇದ್ದ. ಇನ್ನೇನು ಗೆದ್ದ ಎನ್ನುವಾಗ ಹಿಂದಿನಿಂದ ಬಂದ ಲೀ ಸ್ಟ್ರಡಿಕ್ ಎಂಬ ಯುವಕ, ತನ್ನ ಕಪ್ಪು ಕಾರಿನ ಕಬ್ಬಿಣದ ಬಂಪರಿನಿಂದ ಗುದ್ದಿ ಅವನನ್ನು ಬೇಲಿಗೆ ನೂಕಿದ. ಗೆಲುವಿನ ಗೆರೆಯನ್ನು ತಾನೇ ಮೊದಲು ದಾಟಿದ.

"ಮೋಸ ಎಂತದ್ದು? ಈ ಆಟದಲ್ಲಿ ಗುದ್ಲಿಕ್ಕೆ ಉಂಟು."

ಅವಳು ಗಕ್ಕನೆ ಹಿಂತಿರುಗಿದಳು.

ಹಿಂದಿನ ಮೆಟ್ಟಿಲ ಮೇಲೆ ನೀಲಿ ಕೋಟು ತೊಟ್ಟ ಎತ್ತರದ ಮನುಷ್ಯನೊಬ್ಬ ನಿಂತಿದ್ದ. ತಾನೂ ಕನ್ನಡದಲ್ಲೇ ಮಾತಾಡಿಬಿಟ್ಟೆನಲ್ಲ ಎಂಬ ಬೆರಗು ಅವನ ಮುಖದಲ್ಲೂ ಇತ್ತು.

"ಗುದ್ಲಿಕ್ಕೆ ಉಂಟು ಅಂತ ಗುದ್ದುವುದಾ?" ಜ್ಯೋತ್ಸ್ನಾ ಕೇಳಿದಳು. "ಆ ಮುದುಕ ಇಷ್ಟು ಹೊತ್ತು ಮುಂದೆ ಇದ್ದದ್ದಕ್ಕೆ ಬೆಲೆಯೇ ಇಲ್ವಾ?"

"ಮುಂದೆ ಇದ್ದವರು ಮುಂದೇ ಇರ್ಬೇಕು ಅಂತ ಎಲ್ಲಿ ಬರೆದಿದೆ?" ಅವನು ನಕ್ಕ. "ನೀವು ಕುಂದಾಪುರ ಕಡೆಯವರಾ?"

ಅವಳು ಹೌದೆಂದು ತಲೆಯಾಡಿಸಿದಳು. ಎದೆಯೊಳಗೆ ಏನೋ ಸಣ್ಣಗೆ ಕದಲಿತು. 'ಮಾರಾಯಾ' ಎಂಬ ಒಂದು ಪದದಿಂದ ತನ್ನ ಊರನ್ನು ಗುರುತಿಸುವವರು ಸಿಕ್ಕಿ ಎಷ್ಟು ಕಾಲವಾಗಿತ್ತು...

ಅವನ ಹೆಸರು ಓಸ್ವಿನ್. ಉಡುಪಿ ಹತ್ತಿರದ ಕೊಂಕಣಿ ಕ್ರಿಶ್ಚಿಯನ್ ಮನೆತನ. ಲಂಡನ್ನಿನ ಹೌನ್ಸ್ಲೋದಲ್ಲಿ ವಾಸ, ವಿಮಾನ ನಿಲ್ದಾಣದಲ್ಲಿ ಲಗೇಜ್ ಬೆಲ್ಟುಗಳನ್ನು ರಿಪೇರಿ ಮಾಡುವ ಕೆಲಸ.

ಜ್ಯೋತ್ಸ್ನಾ ಅಲ್ಲಿಗೆ ಬರುತ್ತಿದ್ದದ್ದು ಕಾರುಗಳ ಮೇಲಿನ ಪ್ರೀತಿಯಿಂದಲ್ಲ.

ಮದುವೆಯಾಗಿ ಲಂಡನ್ನಿಗೆ ಬಂದವಳು ಪಿನ್ನರ್‌ನ ಮನೆಯೊಂದರಲ್ಲಿ ಮೂರು ವರ್ಷ ಸಂಸಾರ ಮಾಡಿದ್ದಳು. ಒಂದು ಬೆಳಿಗ್ಗೆ ಗಂಡ ವಿಶಾಲ್ ಚಹಾ ಕುಡಿಯುತ್ತಲೇ ಹೇಳಿದ್ದ, "ನನ್ನ ಜೀವನದಲ್ಲಿ ಬೇರೆಯವಳು ಇದ್ದಾಳೆ. ತಪ್ಪು ತಿಳ್ಕೋಬೇಡ. ನಾನು ಮುಂದೆ ಹೋಗ್ಬೇಕು." ಕೂಗಾಟವಿಲ್ಲ, ಜಗಳವಿಲ್ಲ. ಅಡ್ಡ ಇಟ್ಟ ಕುರ್ಚಿಯನ್ನು ಸರಿಸಿದಷ್ಟು ಸಲೀಸಾಗಿ ಅವಳನ್ನು ಸರಿಸಿದ್ದ.

ಈಗ ಹೇಸ್‌ನ ಸಾಲುಮನೆಯೊಂದರ ಮೇಲಿನ ಕೋಣೆ ಅವಳದ್ದು. ವಾರವಿಡೀ ಕಾರ್ಗೋ ಆಫೀಸಿನ ಕೆಲಸ ಹೇಗೋ ಅವಳನ್ನು ಹೊತ್ತುಕೊಂಡು ಹೋಗುತ್ತಿತ್ತು. ಭಾನುವಾರ ಬಂತೆಂದರೆ ಮಾತ್ರ ಗೋಡೆಗಳು ಹತ್ತಿರ ಬಂದಂತಾಗುತ್ತಿತ್ತು. ಆಗ ಅವಳು ಬಸ್ ಹತ್ತುತ್ತಿದ್ದಳು. ಎಲ್ಲಿಗೂ ಅಲ್ಲ. ಮೇಲಿನ ಅಂತಸ್ತಿನಲ್ಲಿ ಕೂತು, ಜನರ ಮಾತು ಕೇಳಿಸಿಕೊಳ್ಳುತ್ತಾ, ಹೌನ್ಸ್ಲೋವರೆಗೆ ಒಂದು ಬಸ್, ಕಿಂಗ್‌ಸ್ಟನ್‌ವರೆಗೆ ಇನ್ನೊಂದು... ಹಾಗೆ ಒಂದು ಸಂಜೆ ಫ್ಲಾಸ್ಕ್, ಕಂಬಳಿ ಹಿಡಿದ ಗುಂಪೊಂದು ನಗುತ್ತಾ ಇಳಿದಾಗ ಅವಳೂ ಇಳಿದಿದ್ದಳು. ಅವರ ಹಿಂದೆ ನಡೆದು, ಈ ಸ್ಟೇಡಿಯಂ ತಲುಪಿದ್ದಳು. ಎಂಜಿನುಗಳ ಆ ಗದ್ದಲದಲ್ಲಿ ಒಬ್ಬಳೇ ಇದ್ದೇನೆಂಬುದು ಕೊಂಚ ಮರೆತುಹೋಗಿತ್ತು.

ಊರಿನಿಂದ ಅಮ್ಮ ವತ್ಸಲಾ ಫೋನ್ ಮಾಡಿ "ಎಂತ ಶಬ್ದ ಅದು?" ಎಂದು ಕೇಳಿದರೆ, "ಪಕ್ಕದ ಮನೆಯವ್ರ ಮಿಕ್ಸಿ ಅಮ್ಮಾ" ಎನ್ನುತ್ತಿದ್ದಳು.

ಅಂದು ರೇಸ್ ಮುಗಿದ ಮೇಲೆ ಚಹಾ ವ್ಯಾನಿನ ಮುಂದೆ ದೊಡ್ಡ ಚರ್ಚೆಯೇ ನಡೆಯಿತು.

"ಸ್ಟ್ರಡಿಕ್ ಕಟುಕ," ಎಂದಳು ಡೋರೀನ್. ಎಪ್ಪತ್ತು ದಾಟಿದ ಹೆಂಗಸು, ಹುಡುಗಿಯಾಗಿದ್ದಾಗಿನಿಂದ ಅಲ್ಲಿಗೆ ಬರುತ್ತಿದ್ದವಳು. "ತಿರುವಿನಲ್ಲಿ ಒಳಗಿನಿಂದ ದಾರಿ ಇತ್ತು. ಓಡಿಸಲು ಗೊತ್ತಿದ್ದವನು ಅಲ್ಲಿಂದ ಹೋಗುತ್ತಿದ್ದ."

"ಒಳಗಿನಿಂದ ಹೋಗಿದ್ದರೆ ಎರಡನೆಯವನಾಗುತ್ತಿದ್ದ," ಎಂದ ಓಸ್ವಿನ್. "ಕೊನೆಯ ತಿರುವಿನಲ್ಲಿ ಸಭ್ಯತೆ ತೋರಿಸಿದವನ ಹೆಸರು ಯಾರಿಗೆ ನೆನಪಿರುತ್ತದೆ?"

"ನನಗೆ ನೆನಪಿರುತ್ತದೆ," ಎಂದಳು ಜ್ಯೋತ್ಸ್ನಾ.

ಡೋರೀನ್ ಅವಳ ಭುಜ ತಟ್ಟಿದಳು. "ಈ ಹುಡುಗಿ ನನ್ನ ಪಕ್ಷ."

ಆ ಚಳಿಗಾಲ ಹೀಗೇ ಸಾಗಿತು. ರೇಸ್ ಇದ್ದ ಭಾನುವಾರಗಳಲ್ಲಿ ಅವಳು ಅದೇ ಮೆಟ್ಟಿಲಿನ ಮೇಲೆ ನಿಲ್ಲುತ್ತಿದ್ದಳು. ಸ್ವಲ್ಪ ಹೊತ್ತಿನಲ್ಲಿ ಅವನೂ ಬರುತ್ತಿದ್ದ, ಎರಡು ಚಹಾ ಹಿಡಿದು. ಸ್ಟ್ರಡಿಕ್ ಗೆದ್ದರೂ ಜಗಳ, ಸೋತರೂ ಜಗಳ. ಜಗಳದ ನಡುವೆ ಊರಿನ ಸುದ್ದಿ, ಬಂಗುಡೆ ಮೀನಿನ ರುಚಿ, ಆಫೀಸಿನ ಬೇಸರ.

ಒಬ್ಬರ ಫೋನ್ ನಂಬರ್ ಇನ್ನೊಬ್ಬರು ಕೇಳಲಿಲ್ಲ. ಅವನು ಕೇಳಿದರೆ ಕೊಡಬಹುದು ಎಂದು ಅವಳು ಎಣಿಸುತ್ತಿದ್ದಳು. ಕೇಳಿದರೆ ಅವಳು ಬರುವುದನ್ನೇ ಬಿಟ್ಟಾಳು ಎಂದು ಅವನು ಹೆದರುತ್ತಿದ್ದ.

ಬಸ್ಸಿನಲ್ಲಿ ಹಿಂತಿರುಗುವಾಗ ಅವಳು ತನ್ನಷ್ಟಕ್ಕೇ ನಗುತ್ತಿದ್ದಳು. ಕೋಣೆಯ ಬೀಗ ತೆಗೆದು ಒಳಗೆ ಕಾಲಿಟ್ಟ ಕೂಡಲೇ ಆ ನಗು ಆರಿಹೋಗುತ್ತಿತ್ತು. ದೀಪ ಹಾಕಿ, ಯಾರೂ ಇಲ್ಲದ ಮಂಚದ ಮೇಲೆ ಕೂತು ಯೋಚಿಸುತ್ತಿದ್ದಳು... ಇದು ಬರೀ ಚಹಾದ ಗೆಳೆತನ. ಹೆಚ್ಚು ಆಸೆ ಬೇಡ ಜ್ಯೋತ್ಸ್ನಾ.

ಫೆಬ್ರವರಿಯ ಒಂದು ಸಂಜೆ ಅದೂ ಮುರಿಯಿತು.

ಮತ್ತೆ ಮಾರಿಸ್ ಮುಂದಿದ್ದ. ಮತ್ತೆ ಸ್ಟ್ರಡಿಕ್ ಅವನ ಬೆನ್ನಿಗಿದ್ದ. ಕೊನೆಯ ಸುತ್ತಿನಲ್ಲಿ ಬಿದ್ದ ಗುದ್ದಿಗೆ ಹಳದಿ ಕಾರು ಪೂರ್ತಿ ತಿರುಗಿ, ಬೇಲಿಗೆ ಬಡಿದು ನಿಂತಿತು. ಮುದುಕ ಹೊರಗೆ ಬರಲಿಲ್ಲ. ಆಂಬುಲೆನ್ಸ್ ಒಳಗೆ ಓಡಿತು.

ಜ್ಯೋತ್ಸ್ನಾ ಪಕ್ಕಕ್ಕೆ ನೋಡಿದಳು.

ಓಸ್ವಿನ್ ಎರಡೂ ಕೈ ಮೇಲೆತ್ತಿ ಕೂಗುತ್ತಿದ್ದ. ಅವನ ಕಣ್ಣು ಗೆರೆ ದಾಟಿದ ಕಪ್ಪು ಕಾರಿನ ಮೇಲಿತ್ತು. ಮುಖದಲ್ಲಿ ಎಂತಹ ಖುಷಿ!

ಆ ಮುಖ ಅವಳಿಗೆ ಗೊತ್ತಿತ್ತು. ಪಿನ್ನರ್‌ನ ಮನೆಯಿಂದ ಅವಳು ತನ್ನ ಪೆಟ್ಟಿಗೆಗಳನ್ನು ಇಳಿಸುವಾಗ ವಿಶಾಲ್ ಫೋನಿನಲ್ಲಿ ಯಾರೊಂದಿಗೋ ನಗುತ್ತಿದ್ದನಲ್ಲ, ಆ ಮುಖ.

"ನಿಮಗೆ ಖುಷಿ ಆಯ್ತಾ?" ಅವಳು ಕೇಳಿದಳು.

ಓಸ್ವಿನ್ ಆಗಷ್ಟೇ ಆಂಬುಲೆನ್ಸ್ ನೋಡಿದ. ಕೈ ಕೆಳಗಿಳಿಯಿತು. "ಅಯ್ಯೋ... ನಾನು ಆ ಕಡೆ ನೋಡ್ಲೇ ಇಲ್ಲ."

"ನೀವು ನೋಡುವುದೇ ಇಲ್ಲ. ಗೆದ್ದವರನ್ನು ಮಾತ್ರ ನೋಡ್ತೀರಿ. ನನ್ನ ಗಂಡನೂ ಹೀಗೇ ಇದ್ದ. ಇನ್ನು ನನ್ನ ಹತ್ರ ಮಾತಾಡ್ಬೇಡಿ."

ಅವಳು ಮೆಟ್ಟಿಲಿಳಿದು ನಡೆದೇಬಿಟ್ಟಳು. ಅವನು ಎರಡು ಹೆಜ್ಜೆ ಹಿಂಬಾಲಿಸಿ ನಿಂತ. ಬೇಡ ಎಂದವಳ ಬೆನ್ನು ಹತ್ತುವುದು ಹೇಗೆ? ಅವಳ ಕೆಂಪು ಶಾಲು ಗುಂಪಿನಲ್ಲಿ ಮರೆಯಾಗುವವರೆಗೂ ನೋಡುತ್ತಾ ನಿಂತ.

ಆಮೇಲಿನ ರೇಸುಗಳಿಗೆ ಜ್ಯೋತ್ಸ್ನಾ ಹೋಗಲಿಲ್ಲ.

ಭಾನುವಾರ ಬಟ್ಟೆ ಒಗೆದಳು. ಕಿಟಕಿ ಒರೆಸಿದಳು. ಎರಡು ದಿನಕ್ಕಾಗುವಷ್ಟು ಸಾರು ಮಾಡಿ, ಒಂದು ತುತ್ತೂ ಸೇರದೆ ಫ್ರಿಜ್ಜಿನಲ್ಲಿಟ್ಟಳು. ಕೆಳಗಿನ ಮನೆಯವರ ಟಿವಿ ಸದ್ದು ಕೇಳಿಸುತ್ತಿದ್ದರೆ ಅದೇ ಒಂದು ಸಮಾಧಾನ. ಒಮ್ಮೆ ಚಹಾ ಸೋಸುವಾಗ ತನಗೇ ಗೊತ್ತಿಲ್ಲದೆ ಎರಡು ಲೋಟ ತೆಗೆದಿಟ್ಟಿದ್ದಳು. ಅದನ್ನು ನೋಡಿ ಅಡುಗೆಮನೆಯಲ್ಲೇ ಕೂತು ಅತ್ತಳು.

ನಾನು ಸಿಟ್ಟಾದದ್ದು ಯಾರ ಮೇಲೆ? ಓಸ್ವಿನ್ ಮೇಲಾ, ವಿಶಾಲ್ ಮೇಲಾ?

ಮಾರ್ಚ್‌ನಲ್ಲಿ ಆಫೀಸಿನಲ್ಲಿ ಯಾರೋ ಹೇಳಿದರು, ಪ್ಲೋ ಲೇನ್ ಸ್ಟೇಡಿಯಂ ಮುಚ್ಚುತ್ತಿದೆಯಂತೆ. ಅದನ್ನು ಕೆಡವಿ ಮನೆ ಕಟ್ಟುತ್ತಾರಂತೆ. ಈ ಭಾನುವಾರವೇ ಕೊನೆಯ ರೇಸ್.

ಅವಳ ಕೈ ಕಂಪ್ಯೂಟರಿನ ಮೇಲೆಯೇ ನಿಂತಿತು.

ಅವನ ನಂಬರ್ ಇಲ್ಲ. ವಿಳಾಸ ಇಲ್ಲ. ವಿಮಾನ ನಿಲ್ದಾಣದಲ್ಲಿ ಯಾರ ಹತ್ತಿರ ಕೇಳುವುದು? ಇಷ್ಟು ದೊಡ್ಡ ಊರಿನಲ್ಲಿ ಅವನು ಸಿಗುವ ಜಾಗ ಅದೊಂದೇ...

ಆದರೂ ಭಾನುವಾರ ಮಧ್ಯಾಹ್ನದವರೆಗೆ ಹೋಗುವುದೋ ಬೇಡವೋ ಎಂದು ಕೋಣೆಯಲ್ಲೇ ಸುತ್ತಿದಳು. ಕೊನೆಗೆ ಕೋಟು ಎಳೆದುಕೊಂಡು ಓಡಿದಳು. ಕಿಂಗ್‌ಸ್ಟನ್‌ನಲ್ಲಿ ರಸ್ತೆ ಕೆಲಸ, ಬಸ್ ನಿಂತಲ್ಲೇ ನಿಂತಿತ್ತು. ಇಳಿದು, ಸ್ವಲ್ಪ ದೂರ ನಡೆದು, ಇನ್ನೊಂದು ಬಸ್ ಹಿಡಿದಳು.

ಗೇಟಿನ ಮುಂದೆ ಬಂದು ನಿಂತಾಗ ಕಾವಲಿನವನು ತಲೆಯಾಡಿಸಿದ.

"ಟಿಕೆಟ್ ಎಲ್ಲ ಮುಗಿದಿದೆ ಮೇಡಂ. ಒಳಗೆ ಕಾಲಿಡಲೂ ಜಾಗವಿಲ್ಲ."

"ಒಬ್ಬರನ್ನು ನೋಡಬೇಕಿತ್ತು. ಐದೇ ನಿಮಿಷ..."

"ಕ್ಷಮಿಸಿ."

ಗೋಡೆಯಾಚೆ ಎಂಜಿನುಗಳು ಮೊರೆಯುತ್ತಿದ್ದವು. ಜನ ಹೋ ಎನ್ನುತ್ತಿದ್ದರು. ಜ್ಯೋತ್ಸ್ನಾ ಫುಟ್‌ಪಾತಿನ ಮೇಲೆ ನಿಂತು ಮುಚ್ಚಿದ ಗೇಟನ್ನೇ ನೋಡಿದಳು. ಈ ಊರಿಗೆ ಬಂದ ಮೇಲೆ ಅವಳು ಎಷ್ಟೋ ಬಾರಿ ಒಬ್ಬಳೇ ನಿಂತಿದ್ದಳು. ಆದರೆ ಇಷ್ಟೊಂದು ಒಬ್ಬಳಾಗಿ ಎಂದೂ ಅನ್ನಿಸಿರಲಿಲ್ಲ.

ರೇಸ್ ಬಿಡುವವರೆಗೆ ಕಾಯೋಣ. ಅಷ್ಟು ಸಾವಿರ ಜನ ಒಮ್ಮೆಲೇ ಹೊರಬಂದರೆ ಹೇಗೆ ಹುಡುಕಲಿ? ಹುಡುಕಿದರೂ, ಅವನು ಮುಖ ತಿರುಗಿಸಿ ಹೋದರೆ?

ಅಷ್ಟರಲ್ಲಿ ಪಕ್ಕದ ಸಣ್ಣ ಬಾಗಿಲು ತೆರೆಯಿತು. ಒಬ್ಬನೇ ಒಬ್ಬ ಮನುಷ್ಯ ತಲೆ ತಗ್ಗಿಸಿ ಹೊರಗೆ ಬಂದ. ನೀಲಿ ಕೋಟು.

"ಓಸ್ವಿನ್..."

ಅವನು ತಲೆಯೆತ್ತಿದ.

"ಫೈನಲ್ ಈಗ ಶುರುವಾಗ್ತದಲ್ಲ," ಎಂದಳು ಅವಳು ಮೆಲ್ಲಗೆ. "ನೀವ್ಯಾಕೆ ಹೊರಗೆ ಬಂದ್ರಿ?"

"ಒಳಗೆ ಎಲ್ಲ ಕಡೆ ಹುಡುಕಿದೆ. ಡೋರೀನ್ ಹತ್ರ ಕೇಳಿದೆ. ನೀವು ಬಂದಿಲ್ಲ ಅಂತ ಖಾತ್ರಿ ಆಯ್ತು." ಅವನು ಹಿಂದಿನ ಗೋಡೆಯತ್ತ ಕೈ ತೋರಿಸಿದ. "ಮತ್ತೆ ಅಲ್ಲಿ ನಿಂತು ನೋಡುವುದು ಎಂತದ್ದು ಅಂತ..."

ಅವಳ ಕಣ್ಣು ತುಂಬಿತು.

"ಮಾರಿಸ್ ಹೇಗಿದ್ದಾರೆ?"

"ಮಣಿಕಟ್ಟು ಮುರಿದಿತ್ತು. ಈಗ ಅಡ್ಡಿಯಿಲ್ಲ. ಒಳಗೆ ಕೂತು ರೇಸ್ ನೋಡ್ತಾ ಇದ್ದಾರೆ. ಅವತ್ತು ನೀವು ಹೋದ ಮೇಲೆ ನಾನು ಅವರ ಹತ್ರ ಹೋಗಿ ಕ್ಷಮೆ ಕೇಳಿದೆ. ಅವರಿಗೆ ಅರ್ಥವೇ ಆಗ್ಲಿಲ್ಲ. 'ಪ್ರಾಯದಲ್ಲಿ ನಾನೂ ಹೀಗೇ ಗುದ್ದುತ್ತಿದ್ದೆ, ನೀನ್ಯಾಕೆ ಅಳ್ತೀಯ' ಅಂತ ಕೇಳಿದ್ರು."

"ನೀವು ಅತ್ರಾ?"

ಅವನು ರಸ್ತೆಯ ಕಡೆ ನೋಡಿದ. ಒಳಗೆ ಫೈನಲ್ ಶುರುವಾಯಿತು. ಆ ಸದ್ದಿಗೆ ಕಾಲಡಿಯ ನೆಲ ಅದುರಿತು. ಅವಳು ಅವನಿಗೆ ಹತ್ತಿರ ಸರಿದು ನಿಂತಳು.

"ನಾನು ಸ್ಟ್ರಡಿಕ್‌ಗೆ ಯಾಕೆ ಕೂಗ್ತೇನೆ ಗೊತ್ತುಂಟಾ?" ಓಸ್ವಿನ್ ಹೇಳಿದ. "ನಾನು ಯಾವತ್ತೂ ಹಾಗೆ ಇದ್ದವನಲ್ಲ. ಊರಲ್ಲಿ ಎಲೀಷಾ ಅಂತ ಒಬ್ಬಳು ಇದ್ಲು. ನಾಲ್ಕು ವರ್ಷ ಮನಸ್ಸಲ್ಲೇ ಇಟ್ಕೊಂಡೆ. ನಮ್ಮ ಅಣ್ಣ ಹೆರಾಲ್ಡ್‌ಗೂ ಅವಳು ಇಷ್ಟ ಅಂತ ಗೊತ್ತಾಯ್ತು. ಸುಮ್ಮನೆ ಬದಿಗೆ ಸರಿದೆ. ಅವರ ಮದುವೆಯಲ್ಲಿ ಊಟ ಬಡಿಸಿದೆ. ಆಮೇಲೆ ಅಲ್ಲಿ ಇರ್ಲಿಕ್ಕೆ ಆಗದೆ ಇಲ್ಲಿಗೆ ಬಂದೆ."

"ಅವಳಿಗೆ ಹೇಳ್ಲೇ ಇಲ್ವಾ?"

"ಇಲ್ಲ. ಹಾಗಾಗಿ, ಬದಿಗೆ ಸರಿಯದವನನ್ನು ನೋಡಿದ್ರೆ ಒಂಥರ ಖುಷಿ. ಗುದ್ದು ತಿಂದವರನ್ನು ನೋಡ್ಬೇಕು ಅಂತ ಹೊಳೆಯಲೇ ಇಲ್ಲ. ಅದು ನನ್ನ ತಪ್ಪೇ, ಜ್ಯೋತ್ಸ್ನಾ."

ಅವಳನ್ನು ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಆಗ ಅವಳು ವಿಶಾಲ್ ವಿಷಯವೆಲ್ಲ ಹೇಳಿದಳು. ಆ ಬೆಳಗಿನ ಚಹಾ, ಪೆಟ್ಟಿಗೆಗಳು, ಆ ನಗು. ಯಾರಿಗೂ ಹೇಳದ್ದನ್ನು ಬಸ್ಸುಗಳು ಓಡಾಡುವ ರಸ್ತೆಯ ಬದಿಯಲ್ಲಿ, ಎಂಜಿನುಗಳ ಗದ್ದಲದ ನಡುವೆ, ಅವನ ಕಿವಿಯ ಹತ್ತಿರ ಬಾಗಿ ಹೇಳಿದಳು.

"ನಿಮ್ಮನ್ನು ಅವನ ಜೊತೆ ಸೇರಿಸಿಬಿಟ್ಟೆ," ಎಂದಳು ಕೊನೆಗೆ. "ನೀವು ಅವನ ಹಾಗೆ ಅಲ್ಲ. ಆದ್ರೆ ಸ್ಟ್ರಡಿಕ್ ಮಾಡಿದ್ದು ತಪ್ಪೇ."

"ಸರಿ."

"ನನ್ನನ್ನು ಸಮಾಧಾನ ಮಾಡ್ಲಿಕ್ಕೆ ಸರಿ ಅನ್ಬೇಡಿ. ನೀವು ಒಪ್ಪುವುದಿಲ್ಲ ಅಂತ ನಂಗೆ ಗೊತ್ತುಂಟು."

"ಒಪ್ಪುವುದಿಲ್ಲ," ಎಂದ ಅವನು.

ಅವಳು ಅಳುತ್ತಲೇ ನಕ್ಕಳು.

ಗೋಡೆಯಾಚೆ ದೊಡ್ಡ ಕೂಗೆದ್ದಿತು. ಫೈನಲ್ ಮುಗಿದಿತ್ತು. ಯಾರು ಗೆದ್ದರು, ಹೇಗೆ ಗೆದ್ದರು ಎಂದು ಇಬ್ಬರಿಗೂ ತಿಳಿಯಲಿಲ್ಲ.

"ಈ ಸಲ ಸುಮ್ಮನೆ ಹೋಗ್ಲಿಕ್ಕೆ ನನ್ನಿಂದ ಆಗುವುದಿಲ್ಲ," ಓಸ್ವಿನ್ ಹೇಳಿದ. "ನಂಗೆ ನೀವಂದ್ರೆ ಇಷ್ಟ. ತುಂಬಾ ಇಷ್ಟ. ನೀವು ಬೇಡ ಅಂದ್ರೆ ಈಗ ಬರುವ ಬಸ್ ಹತ್ತಿ ಹೋಗ್ತೇನೆ. ಆದ್ರೆ ಹೇಳದೆ ಹೋಗುವುದಿಲ್ಲ."

ಎದುರಿನ ಸ್ಟಾಪಿಗೆ ಬಸ್ ಬಂತು, ನಿಂತಿತು, ಹೋಯಿತು. ಇಬ್ಬರೂ ಕದಲಲಿಲ್ಲ.

"ನಮ್ಮ ಮನೆಯಲ್ಲಿ ಒಪ್ಪುವುದು ಕಷ್ಟ," ಎಂದಳು.

"ನಮ್ಮ ಮನೆಯಲ್ಲೂ ಕಷ್ಟವೇ."

"ಅಮ್ಮ ಅಳ್ತಾಳೆ. ಚಿಕ್ಕಪ್ಪಂದಿರು ಫೋನ್ ಮಾಡ್ತಾರೆ."

"ನೀವು?"

"ನಾನು..." ಅವಳು ಅವನ ಮುಖ ನೋಡಿದಳು. "ನಾನು ಎರಡು ಬಸ್ ಬದಲಿಸಿ, ರಸ್ತೆಯಲ್ಲಿ ಓಡಿ ಬಂದೆ. ಇನ್ನೆಂತ ಹೇಳ್ಬೇಕು?"

ಜನ ಹೊರಬರಲು ಶುರುಮಾಡಿದ್ದರು. ಯಾರೋ ಅಳುತ್ತಿದ್ದರು, ಯಾರೋ ಹಾಡುತ್ತಿದ್ದರು. ಆ ನೂಕುನುಗ್ಗಲಿನಲ್ಲಿ ಅವಳು ತನ್ನ ಕೈಯನ್ನು ಅವನ ಕೋಟಿನ ಜೇಬಿನೊಳಗೆ ಇಟ್ಟಳು. ಒಳಗೆ ಅವನ ಬೆರಳುಗಳು ಅದನ್ನು ಮೆಲ್ಲಗೆ ಹಿಡಿದವು.

"ಕೈ ಎಷ್ಟು ತಣ್ಣಗೆ ಉಂಟು. ಚಳಿ ಆಗ್ತದಾ?"

"ಆಗ್ತದೆ."

"ಮನೆಗೆ ಹೋಗ್ತೀರಾ?"

"ಇಲ್ಲ," ಎಂದಳು ಜ್ಯೋತ್ಸ್ನಾ. "ಸ್ವಲ್ಪ ಹೊತ್ತು ಹೀಗೇ ನಿಲ್ಲುವ."