ನಡುವೆ ಕೂತವನು

ನನ್ನ ಕೊರಳಪಟ್ಟಿ ಸೆಕ್ಯೂರಿಟಿಯವನ ಮುಷ್ಟಿಯಲ್ಲಿತ್ತು. ಆಸ್ಪತ್ರೆಯಲ್ಲಿ ಅವನನ್ನು ಗೂಳಿ ಎನ್ನುತ್ತಾರೆ. ಯಾಕೆಂದು ನನ್ನ ಕುತ್ತಿಗೆಗೆ ಅರ್ಥವಾಗಿತ್ತು.

"ವಯರ್ ಕೆಳಗಿಡು."

"ಇಡ್ತೀನಿ. ಐಸಿಯು ರಿಪೋರ್ಟ್ ನಿಂತ್ರೆ ನೀನೇ ಜವಾಬ್ದಾರಿ."

ಗೂಳಿ ಯೋಚಿಸಿದ. ಅಭ್ಯಾಸವಿಲ್ಲದ ಕೆಲಸ, ಹೊತ್ತು ಹಿಡಿಯಿತು. ಮುಷ್ಟಿ ಸಡಿಲವಾಯಿತು.

"ಬೇಗ ಮುಗಿಸು. ಆಮೇಲೆ ಯಜಮಾನ್ರ ಹತ್ರ ಎಳ್ಕೊಂಡು ಹೋಗ್ತೀನಿ."

"ನಾನೂ ಅಲ್ಲಿಗೇ ಹೊರಟಿದ್ದೆ."

ಇದು ಆಸ್ಪತ್ರೆಯ ಲ್ಯಾಬ್. ನಾನು ಕೆಟ್ಟ ನೆಟ್‌ವರ್ಕ್ ರಿಪೇರಿ ಮಾಡುವವನು. ಈ ಸಲ ನನ್ನನ್ನು ಯಾರೂ ಕರೆದಿರಲಿಲ್ಲ.

ಮೇಲಿನ ಮಹಡಿಯಲ್ಲಿ, ಆಸ್ಪತ್ರೆಯ ಯಜಮಾನನ ಕೋಣೆಯಲ್ಲಿ, ನನ್ನ ಅತ್ತಿಗೆಯನ್ನು ಕೂರಿಸಿಕೊಂಡಿದ್ದರು. ನನಗೆ ಸುದ್ದಿ ಮುಟ್ಟಿಸುವಷ್ಟರಲ್ಲಿ ಫೋನ್ ಕಿತ್ತುಕೊಂಡಿದ್ದರು. ಅವಳು ಇದೇ ಲ್ಯಾಬಿನ ಟೆಕ್ನಿಷಿಯನ್. ಒಬ್ಬ ಗಾಯಕಿಯ ಕಾಯಿಲೆ ಪೇಪರಿನಲ್ಲಿ ಬಂದಿತ್ತು... ಡಾಕ್ಟರು ಆಕೆಗೇ ಇನ್ನೂ ಹೇಳಿರಲಿಲ್ಲ! ರಿಪೋರ್ಟ್ ಹೊರಗೆ ಕೊಟ್ಟವಳು ಅತ್ತಿಗೆಯೇ ಎಂದು ತೀರ್ಪಾಗಿತ್ತು. ಪೊಲೀಸರು ದಾರಿಯಲ್ಲಿದ್ದರು. ಬೈದು ಬೈದು ನನ್ನನ್ನು ಮನುಷ್ಯನನ್ನಾಗಿ ಮಾಡಿದವಳು ಅವಳು. ಅವಳನ್ನು ಕಳ್ಳಿ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ.

ತೀರ್ಪು ಕೊಟ್ಟವನು ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ಎಲ್ಲರೂ ಅವನನ್ನು ಎಕ್ಸ್‌ಪರ್ಟ್ ಎನ್ನುತ್ತಿದ್ದರು. ಅವನೂ ಅದನ್ನು ನಂಬಿದ್ದ.

ಟೆಸ್ಟ್ ಮೆಷಿನ್ನಿನಿಂದ ರಿಪೋರ್ಟ್ ನೇರ ಸರ್ವರಿಗೆ ಹೋಗಬೇಕು. ನಾನು ನಡುವೆ ನನ್ನ ಲ್ಯಾಪ್‌ಟಾಪ್ ಕೂರಿಸಿದೆ. ಇದಕ್ಕೆ ಪ್ರಾಕ್ಸಿ ಎನ್ನುತ್ತಾರೆ. ಪೋರ್ಟ್ ಎಂಬ ಒಂದು ಬಾಗಿಲಲ್ಲಿ ಕಿವಿಗೊಟ್ಟು ಕೂರುವುದು, ಕೇಳಿದ್ದನ್ನು ಮುಂದಕ್ಕೆ ದಾಟಿಸುವುದು, ದಾಟಿಸುವ ಮುನ್ನ ಓದಿಕೊಳ್ಳುವುದು. ನೆರೆಮನೆಯವರು ಕಲಿಯದೇ ಮಾಡುವ ಕೆಲಸ.

ಮುಂದಕ್ಕೆ ಎಂದರೆ ಎಲ್ಲಿಗೆ? ಮೆಷಿನ್ನಿನ ಸೆಟ್ಟಿಂಗ್ ತೆರೆದು ವಿಳಾಸ ನೋಡಿದೆ.

ಸರ್ವರಿನದಲ್ಲ. ಎಕ್ಸ್‌ಪರ್ಟನ ಮೇಜಿನ ಮೇಲಿರುವ ಕಂಪ್ಯೂಟರಿನದು.

ನನಗಿಂತ ಮೊದಲೇ ಒಬ್ಬ ಅಲ್ಲಿ ಕೂತಿದ್ದ!

ನಾನೂ ಎಲ್ಲವನ್ನೂ ಅವನಿಗೇ ದಾಟಿಸಿದೆ, ಅನುಮಾನ ಬರಬಾರದಲ್ಲ. ನನ್ನ ಸ್ಕ್ರೀನಿನಲ್ಲಿ ರೋಗಿಗಳ ಹೆಸರು, ವಯಸ್ಸು, ಕಾಯಿಲೆ ಬಟಾಬಯಲಾಗಿ ಹರಿದುಹೋದವು. ಬೀಗವಿಲ್ಲ, ಚಿಲಕವೂ ಇಲ್ಲ. ಅವನು ಓದುತ್ತಾನೆ, ಸರಿ. ಹೊರಗೆ ಕೊಡುತ್ತಾನೆ ಎಂದು ತೋರಿಸುವುದು ಹೇಗೆ?

ಒಂದು ರಿಪೋರ್ಟಿನ ನಕಲು ತೆಗೆದೆ. ಹೆಸರಿನ ಜಾಗದಲ್ಲಿ ಯಜಮಾನನ ಹೆಸರು. ಟೆಸ್ಟ್: ಗರ್ಭಪರೀಕ್ಷೆ. ಫಲಿತಾಂಶ: ಪಾಸಿಟಿವ್.

ಕಳಿಸಿದೆ.

"ಆಯ್ತಾ?" ಎಂದ ಗೂಳಿ.

"ಆಯ್ತು. ಎಳ್ಕೊಂಡು ನಡಿ."

ಯಜಮಾನನ ಕೋಣೆಯಲ್ಲಿ ಅತ್ತಿಗೆ ನೆಟ್ಟಗೆ ಕೂತಿದ್ದಳು. ಕಣ್ಣು ಕೆಂಪಾಗಿತ್ತು. ಎಕ್ಸ್‌ಪರ್ಟ್ ಗೋಡೆಗೆ ಒರಗಿ ನಿಂತಿದ್ದ.

"ಯಾರಿವನು?" ಯಜಮಾನ ಕೇಳಿದ.

"ಇವರ ಮೈದುನ. ಸ್ವಲ್ಪ ಕಾಯಿರಿ ಸಾರ್, ನಿಮಗೊಂದು ಫೋನ್ ಬರುತ್ತೆ."

"ಯಾರದ್ದು?"

"ನನಗೂ ಗೊತ್ತಿಲ್ಲ."

ನಿಜವಾಗಿಯೂ ಗೊತ್ತಿರಲಿಲ್ಲ. ಫೋನ್ ಬಾರದಿದ್ದರೆ ಅತ್ತಿಗೆ ಠಾಣೆಗೆ, ನಾನು ಅವಳ ಹಿಂದೆ. ಕೆಳಗೆ ಜೀಪು ನಿಂತ ಸದ್ದು...

ಫೋನ್ ರಿಂಗಾಯಿತು. ನಾನೇ ಕೈ ಚಾಚಿ ಸ್ಪೀಕರ್ ಒತ್ತಿದೆ.

"ನಮಸ್ಕಾರ ಸಾರ್, ಪೇಪರಿನಿಂದ ಮಾತಾಡ್ತಿದೀನಿ. ನಿಮ್ಮದೊಂದು ರಿಪೋರ್ಟ್ ಕೈಗೆ ಬಂದಿದೆ. ನೀವು... ಗರ್ಭಿಣಿ ಅಂತಿದೆ. ಏನಾದ್ರೂ ಹೇಳೋದಿದೆಯಾ?"

ಯಜಮಾನನ ಬಾಯಿ ತೆರೆಯಿತು. ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

"ಈಗಷ್ಟೇ ಲ್ಯಾಬಿನಿಂದ ನಾನು ಕಳಿಸಿದ ಸುಳ್ಳು ರಿಪೋರ್ಟ್ ಅದು" ಎಂದೆ. "ನಿಮ್ಮ ಎಕ್ಸ್‌ಪರ್ಟನ ಕಂಪ್ಯೂಟರ್ ದಾಟಿಯೇ ಪೇಪರಿಗೆ ಹೋಗಿದೆ. ಅತ್ತಿಗೆ ನಿಮ್ಮ ಕಣ್ಣೆದುರಿಗೇ ಇದ್ರು, ಅವರ ಫೋನ್ ನಿಮ್ಮ ಹತ್ರಾನೇ ಇದೆ."

"ಅದು ಡೀಬಗ್ ಮಾಡೋಕೆ, ದೋಷ ಹುಡುಕೋಕೆ ನಡುವೆ ಹಾಕಿದ್ದು ಸಾರ್" ಎಂದ ಎಕ್ಸ್‌ಪರ್ಟ್. "ತೆಗೆಯೋದು ಮರೆತೆ."

"ಪೇಪರಿಗೆ ಕಳಿಸೋದು ಮರೀಲಿಲ್ವಲ್ಲ. ದೊಡ್ಡವರ ಹೆಸರು ಕಂಡ್ರೆ ತಾನಾಗಿ ಹೋಗೋ ಹಾಗೆ ಪ್ರೋಗ್ರಾಂ ಬರೆದಿಟ್ಟಿದೀಯ. ಒಂದ್ಸಲ ಓದಿ ನೋಡಿದ್ರೆ ಬಚಾವಾಗ್ತಿದ್ದೆ ಮಾರಾಯ."

ಅವನು ಬಾಗಿಲಿಗೆ ಹಾರಿದ. ನಾನು ಹಿಂದೆ. ಮೆಟ್ಟಿಲು, ತಿರುವು, ಸ್ಟ್ರೆಚರ್, ಮತ್ತೆ ಮೆಟ್ಟಿಲು... ನನಗೆ ಉಸಿರು ನಿಂತಿತು. ಗೂಳಿಗೆ ನಿಲ್ಲಲಿಲ್ಲ. ಕೊರಳಪಟ್ಟಿ ಹಿಡಿಯುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಜೀಪು ಖಾಲಿ ಹೋಗಲಿಲ್ಲ.

ಸಂಜೆಯೊಳಗೆ ದಾರಿ ಭದ್ರ ಮಾಡಿದೆ. ಹಳೆಯ ಮೆಷಿನ್ನಿಗೆ ಎನ್‌ಕ್ರಿಪ್ಷನ್ ಗೊತ್ತಿಲ್ಲ. ಅದರ ಪಕ್ಕದಲ್ಲೇ ಒಂದು ಪ್ರಾಕ್ಸಿ, ಸರ್ವರಿನ ಪಕ್ಕದಲ್ಲಿ ಇನ್ನೊಂದು. ಈ ಕಡೆ ಬೀಗ ಹಾಕು, ಆ ಕಡೆ ತೆಗೆ. ನಡುವೆ ಕೂತವನಿಗೆ ಕಾಣುವುದು ಬರೀ ಕಸ.

ಯಜಮಾನ ಲ್ಯಾಬಿಗೆ ಇಳಿದು ಬಂದ. ಅತ್ತಿಗೆಯ ಫೋನನ್ನು ಮೇಜಿನ ಮೇಲಿಟ್ಟ.

"ಆಗಿದ್ದು ಆಗಿಹೋಯ್ತು. ಕೆಲಸ ನೋಡಿ. ಮೊದಲು ನನ್ನ ಆ ರಿಪೋರ್ಟ್ ಅಳಿಸಿ."

"ಹಾಗೆಲ್ಲ ಅಳಿಸೋಕಾಗಲ್ಲ ಸಾರ್" ಎಂದಳು ಅತ್ತಿಗೆ. "ತಪ್ಪು ರಿಪೋರ್ಟ್ ರದ್ದಾಗಬೇಕಂದ್ರೆ ಮತ್ತೆ ಟೆಸ್ಟ್ ಆಗಬೇಕು. ನೀವೇ ಮಾಡಿದ ರೂಲ್ಸು."

ಅವನ ಕೈಗೆ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

"ನನ್ನ ಲ್ಯಾಬಿನಿಂದ ಸುಳ್ಳು ರಿಪೋರ್ಟ್ ಕಳಿಸ್ತೀಯೇನೋ? ಮನೆಗೆ ಬಾ, ಇದೆ ನಿನಗೆ."

ಯಜಮಾನ ಡಬ್ಬಿ ಹಿಡಿದು ರೋಗಿಗಳ ಹಿಂದೆ ಸಾಲಿನಲ್ಲಿ ನಿಂತ.

ಗರ್ಭ ನೆಗೆಟಿವ್ ಬಂತು. ನಾಚಿಕೆ ಇದೆಯೋ ಇಲ್ಲವೋ ನೋಡುವ ಟೆಸ್ಟ್ ಆ ಲ್ಯಾಬಿನಲ್ಲಿಲ್ಲ.